ಕುಕ್ಕರಗಾಲಲ್ಲಿ ಕೂತ ಕಾರು

ಹಾಸನ, ಭಾನುವಾರ ರಾತ್ರಿ

ಪ್ರೀತಿಯ ಅಕ್ಕನಿಗೆ,

ಫೋನಿನಲ್ಲಿ ಹೇಳಿದ್ದರೆ ಭಾವ ನಡುವೆಯೇ ಕಸಿದುಕೊಂಡು ಬಯ್ಯುತ್ತಿದ್ದರು, ಅದಕ್ಕೇ ಈ ಕಾಗದ. ಮೊದಲು ಅವರ ಕೈಗೊಂದು ಲೋಟ ಕಾಫಿ ಕೊಟ್ಟು ಕೂರಿಸು, ಆಮೇಲೆ ಓದು. ಅವರ ಕಾರಿಗೆ ಒಂದು ಗೀರೂ ಬಿದ್ದಿಲ್ಲ.

ಚನ್ನರಾಯಪಟ್ಟಣದವರೆಗೆ ಪಲ್ಲಕ್ಕಿಯಲ್ಲಿ ಕೂತ ಹಾಗಿತ್ತು. ಎರಡೂ ಕಡೆ ತೆಂಗಿನ ತೋಟ, ನುಣುಪು ಹೆದ್ದಾರಿ. ಅಲ್ಲಿಂದ ಹೊಳೆನರಸೀಪುರದ ಕಡೆ ತಿರುಗಿದ ಮೇಲೆ ಹಂಪು ಎಣಿಸುವುದೇ ಕೆಲಸವಾಯಿತು. ಲಕ್ಷ್ಮೀನರಸಿಂಹನಿಗೆ ಕೈಮುಗಿದು, ಹೇಮಾವತಿಯನ್ನು ಕಣ್ತುಂಬ ನೋಡಿ, ಸಂಜೆಗೆ ಅರಕಲಗೂಡಿನ ಗೆಳೆಯನ ಮನೆ ಸೇರಿದೆ. ಕಾದಂಬರಿಕಾರ ಅನಕೃ ಹೆಸರಿನ ಮೊದಲ 'ಅ' ಇದೇ ಊರಿನದು ಎಂದು ಗೆಳೆಯ ಊಟದ ಹೊತ್ತಿಗೆ ಎರಡು ಸಲ ಹೇಳಿದ.

ಬೆಳಿಗ್ಗೆ ಎದ್ದು ನೋಡಿದರೆ ಕಾರು ಹಿಂದಿನ ಬಲಗಾಲು ಮಡಚಿ ಕೂತುಬಿಟ್ಟಿದೆ. ಚಕ್ರದ ಮೇಲಿನ ಸಂದಿಯಲ್ಲಿ ಒಂದು ಬೆರಳೂ ತೂರುವಂತಿಲ್ಲ. ಕೀಲಿ ತಿರುಗಿಸಿದರೆ ಹಿಂದುಗಡೆ ಯಾವಾಗಲೂ ಕೇಳುತ್ತಿದ್ದ 'ಗುರ್ರ್' ಇಲ್ಲ, ಬರೀ ಸಣ್ಣ ಮುಲುಗು. ಎದುರಿಗೆ ಹಳದಿ ದೀಪ. ಈ ಕಾರಿಗೆ ಕಬ್ಬಿಣದ ಸ್ಪ್ರಿಂಗ್ ಇಲ್ಲವಲ್ಲ, ನಾಲ್ಕು ಮೂಲೆಯಲ್ಲೂ ರಬ್ಬರಿನ ಗಾಳಿಚೀಲ. ಚಕ್ರದ ಹತ್ತಿರದ ಸೆನ್ಸರು ಎತ್ತರ ಅಳೆದು ಹೇಳುತ್ತದೆ, ಒಳಗಿನ ಕಂಪ್ಯೂಟರು ಕಂಪ್ರೆಸರಿಗೆ ಅಪ್ಪಣೆ ಕೊಡುತ್ತದೆ, ವಾಲ್ವು ತೆರೆದು ಗಾಳಿ ಚೀಲಕ್ಕೆ ಹೋಗುತ್ತದೆ. ಬೆಂಗಳೂರಿನ ಒಂದು ಗ್ಯಾರೇಜಿಗೆ ಫೋನು ಮಾಡಿದೆ. ಗಾಡಿ ನೋಡದೆಯೇ, "ಕಂಪ್ರೆಸರ್ ಸತ್ತಿದೆ, ಎಳೆಸಿಕೊಂಡು ಬನ್ನಿ" ಅಂದರು.

ಗೆಳೆಯ ಮೋಟಾರು ವೈಂಡಿಂಗ್ ಮಾಡುವ ಒಬ್ಬ ಹಿರಿಯರನ್ನು ಕರೆತಂದ. ಜೀವನವಿಡೀ ಪಂಪ್‌ಸೆಟ್ಟು ರಿಪೇರಿ ಮಾಡಿದವರು, ಇಂಥ ಕಾರನ್ನು ಮುಟ್ಟಿದ್ದು ಅದೇ ಮೊದಲು. ಬಂದವರೇ, "ಗಾಳಿ ಮೇಲೆ ನಿಂತಿರೋ ಗಾಡಿ, ನಂಬಬಾರದು" ಎಂದು ಜಾಕು ಕೊಟ್ಟು, ಕೆಳಗೆ ಮರದ ದಿಮ್ಮಿ ಇಡಿಸಿದರು. ಆಮೇಲೇ ಕೈ ಹಾಕಿದ್ದು.

ಫ್ಯೂಸು ಸರಿಯಿತ್ತು. ರಿಲೇ 'ಟಕ್' ಅನ್ನುತ್ತಿತ್ತು, ಅಂದರೆ ಕಂಪ್ಯೂಟರು ತನ್ನ ಕೆಲಸ ಮಾಡುತ್ತಿದೆ. ಕಂಪ್ರೆಸರಿನ ಪ್ಲಗ್ ಕಿತ್ತು ಮೀಟರು ಹಿಡಿದರೆ, ಇಂಜಿನ್ ಓಡುತ್ತಿದ್ದಾಗ 13.8 ವೋಲ್ಟು. "ಕರೆಂಟು ಪೂರ್ತಿ ಬರ್ತಿದೆ, ಹಾಗಾದರೆ ಮೋಟಾರೇ ಹೋಗಿದೆ" ಅಂದೆ, ಬಹಳ ತಿಳಿದವನ ಹಾಗೆ.

ಅವರು ನಕ್ಕರು. "ತೋಟದ ಬೋರ್ಡಲ್ಲೂ ವೋಲ್ಟೇಜು ಪೂರಾ ತೋರ್ಸುತ್ತೆ ಸಾರ್. ಮೋಟ್ರು ಆನ್ ಮಾಡಿದ್ಮೇಲೆ ನೋಡ್ಬೇಕು."

ಪ್ಲಗ್ ಮತ್ತೆ ಸಿಕ್ಕಿಸಿ, ಅದರ ಹಿಂಬದಿಯಿಂದ ಮೀಟರಿನ ಮೊನೆ ತೂರಿಸಿದರು. ಕಂಪ್ರೆಸರು ಮುಲುಗಿದ್ದೇ ತಡ, 13.8 ದಡಕ್ಕನೆ 7ಕ್ಕೆ ಇಳಿಯಿತು. ಮಿಕ್ಕದ್ದು ಎಲ್ಲಿಗೆ ಹೋಯಿತು? ಒಂದು ಮೊನೆಯನ್ನು ಕಂಪ್ರೆಸರಿನ ಅರ್ತ್ ತಂತಿಗೆ, ಇನ್ನೊಂದನ್ನು ಡಿಕ್ಕಿಯಲ್ಲಿರುವ ಬ್ಯಾಟರಿಯ ಮೈನಸ್ಸಿಗೆ ಇಟ್ಟರು. ಸೊನ್ನೆಯ ಆಸುಪಾಸು ಇರಬೇಕಾದ ಕಡೆ ಮೀಟರು 6 ತೋರಿಸಿತು. ಹೆಚ್ಚುಕಮ್ಮಿ ಅರ್ಧ ವೋಲ್ಟೇಜು ಅರ್ತಿನ ದಾರಿಯಲ್ಲೇ ಸವೆಯುತ್ತಿತ್ತು. ಉಳಿದ ಸುಮಾರು ಮುಕ್ಕಾಲು ವೋಲ್ಟು ತಂತಿ, ರಿಲೇಗಳ ದಾರಿಖರ್ಚು.

ಚಕ್ರದ ಮೇಲಿನ ಪ್ಲಾಸ್ಟಿಕ್ಕು ಬಿಚ್ಚಿದರೆ ಕೆಸರು ಮೆತ್ತಿದ ಒಂದು ಬೋಲ್ಟು. ಅದಕ್ಕೆ ಕಚ್ಚಿದ್ದ, ಅರ್ತ್ ತಂತಿಯ ತುದಿಯ ತಾಮ್ರದ ಲಗ್ಗು ಒಂದು ಕಡೆ ಹಸಿರುಗಟ್ಟಿ, ಇನ್ನೊಂದು ಕಡೆ ಸುಟ್ಟು ಕರ್ರಗಾಗಿತ್ತು. ಎಮರಿ ಕಾಗದದಲ್ಲಿ ಲೋಹ ಹೊಳೆಯುವ ತನಕ ಉಜ್ಜಿ, ಹೊಸ ಲಗ್ಗು ಹಾಕಿ, ಬಿಗಿದು, ಗ್ರೀಸು ಬಳಿದರು. ದಿಮ್ಮಿ ತೆಗೆದು ಚಾಲೂ ಮಾಡಿದೆ. ಕಂಪ್ರೆಸರು ಗುರ್ರೆಂದು, ಕಾರು ಮಲಗಿದ ಎಮ್ಮೆ ಏಳುವ ಹಾಗೆ ಹಿಂಭಾಗ ಎತ್ತಿ ನಿಂತಿತು. ಬೀದಿಯ ಹುಡುಗರು ಚಪ್ಪಾಳೆ ತಟ್ಟಿದರು. ಮೀಟರಿನಲ್ಲಿ ಈಗ 0.2 ಮಾತ್ರ.

ನಾನು ದುಡ್ಡು ತೆಗೆಯುತ್ತಿದ್ದರೆ ಅವರು ಸೋಪಿನ ನೀರು ಕೇಳಿದರು. "ಅರ್ತ್ ಸುಮ್ಮನೆ ಸುಡಲ್ಲ." ಬಲಹಿಂದಿನ ಗಾಳಿಚೀಲದ ಮಡಿಕೆಗೆ ಬ್ರಷ್ಷಿನಲ್ಲಿ ಹಚ್ಚಿದರೆ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಎದ್ದವು. ಚೀಲ ಸಣ್ಣಗೆ ಸೋರುತ್ತದೆ, ಕಂಪ್ರೆಸರು ಮತ್ತೆ ಮತ್ತೆ ಓಡುತ್ತದೆ, ಅದು ಎಳೆಯುವ ಅಷ್ಟೂ ಕರೆಂಟು ಆ ಸಡಿಲ ಬೋಲ್ಟಿನಲ್ಲೇ ಹರಿದು ಕಾಯಿಸುತ್ತದೆ. "ಮೂಲವ್ಯಾಧಿ ಚೀಲದ್ದು ಸಾರ್" ಅಂದರು. ಭಾವನಿಗೆ ಓದುವಾಗ ಆ ಪದ ಹಾರಿಸು.

ಅಲ್ಲಿಂದ ಹೊರಟು ಹಾಸನಕ್ಕೆ ಬಂದವನು ಸಾಲಗಾಮೆ ರಸ್ತೆಯ ಎಂಸಿಎಫ್, ಅಂದರೆ ಉಪಗ್ರಹ ನಿಯಂತ್ರಣ ಕೇಂದ್ರದ ಕಡೆ ಹೋಗಿದ್ದೆ. ಇಸ್ರೋದವರು 1982ರಿಂದ ಅಲ್ಲಿ ಕೂತು ಸುಮಾರು 36,000 ಕಿ.ಮೀ. ಮೇಲಿನ ಉಪಗ್ರಹಗಳ ನಾಡಿ ಹಿಡಿಯುತ್ತಿದ್ದಾರೆ. ಅವರಿಗೆ ಎಮರಿ ಕಾಗದ ಹಿಡಿದು ಹತ್ತಿರ ಹೋಗುವ ಭಾಗ್ಯವೂ ಇಲ್ಲ, ಇಳಿದು ಬರುವ ಅಂಕಿಗಳಲ್ಲೇ ಕಾಯಿಲೆ ಹುಡುಕಬೇಕು.

ಹಳದಿ ದೀಪ ಇನ್ನೂ ಆರಿಲ್ಲ, ಹಳೆಯ ದೋಷದ ಕೋಡನ್ನು ಸ್ಕ್ಯಾನರಿನಲ್ಲಿ ಅಳಿಸಬೇಕಂತೆ. ಕಂಪ್ರೆಸರು ಬೇಡ, ಒಂದು ಗಾಳಿಚೀಲ ಮಾತ್ರ ತರಿಸಿಡಲು ಭಾವನಿಗೆ ಹೇಳು. ಸಂಜೆ ಕಾರು ನಿಲ್ಲಿಸಿದಾಗ ಆ ಚಕ್ರದ ಮೇಲಿನ ಸಂದಿಯಲ್ಲಿ ನಾಲ್ಕು ಬೆರಳು ಹಿಡಿಸಿತ್ತು. ಈಗ ಊಟ ಮುಗಿಸಿ ಟಾರ್ಚು ಹಿಡಿದು ನೋಡಿ ಬಂದೆ, ಮೂರೂವರೆ.

ನಿನ್ನ ತಮ್ಮ