ಅಮ್ಮ ನೋಡಿದ ಹಸಿರು ಚುಕ್ಕೆಗಳು

ಬಾಣಂತನಕ್ಕೆ ತವರಿಗೆ ಹೋಗಿದ್ದಾಗಿನ ಮಾತು. ಆರು ವಾರಕ್ಕೆ ಮಗಳ ತೊಡೆಗೆ ಪೆಂಟಾವೇಲೆಂಟ್ ಚುಚ್ಚಿಸಿಕೊಂಡು ಬಂದೆವು. ರಾತ್ರಿ ಜ್ವರ, ಒಂದೇ ಸಮ ಅಳು. ಡಾಕ್ಟರ್ ಹೇಳಿದ್ದ ಡ್ರಾಪ್ಸ್ ಹಾಕಿದ್ದಾಯ್ತು. ಅಮ್ಮ ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆಳಗಿನ ತನಕ ಹಾಲ್‌ನಲ್ಲೇ ಓಡಾಡಿದರು. "ಚೆನ್ನಾಗಿದ್ದ ಮಗೂಗೆ ನಾವೇ ಕೈಯಾರೆ ಜ್ವರ ಬರಿಸಿದ್ವಲ್ಲೇ. ಮುಂದಿನದಕ್ಕೆ ನಾನಂತೂ ಕಳಿಸಲ್ಲ."

ಹತ್ತನೇ ವಾರದ ಡೋಸ್ ಹತ್ತಿರ ಬಂದರೂ ಆ ಮಾತು ಬದಲಾಗಲಿಲ್ಲ. ನಿಜ ಹೇಳಬೇಕೆಂದರೆ ಆ ರಾತ್ರಿ ನನಗೂ ಹಾಗೇ ಅನ್ನಿಸಿತ್ತು. ತಮಾಷೆ ಅಂದ್ರೆ ನನ್ನ ಕೆಲಸವೇ ಇದರದ್ದು. ಮೈಕ್ರೋಸ್ಕೋಪ್ ವಿಡಿಯೋಗಳಲ್ಲಿ ಜೀವಕೋಶಗಳ ಜಾಡು ಹಿಡಿಯುವ ಸಾಫ್ಟ್‌ವೇರ್ ಬರೆಯುತ್ತೇನೆ.

ಒಂದು ಮಧ್ಯಾಹ್ನ ಲ್ಯಾಪ್‌ಟಾಪ್ ತೆಗೆದು ಅಮ್ಮನ ಪಕ್ಕ ಕೂತೆ. ಇಲಿಯ ದುಗ್ಧಗ್ರಂಥಿಯ ವಿಡಿಯೋ. ಗಾಯವಾದಾಗ ಕಂಕುಳಲ್ಲೋ ತೊಡೆಸಂದಿನಲ್ಲೋ ಊದಿಕೊಳ್ಳುವ ಗಂಟು ಇರುತ್ತಲ್ಲ, ಅದೇ. ಹಿಂದೆಲ್ಲ ಅದನ್ನು ತೆಳ್ಳಗೆ ಕುಯ್ದು ಸತ್ತ ಕೋಶಗಳನ್ನೇ ನೋಡಬೇಕಿತ್ತು. ಟೂ-ಫೋಟಾನ್ ಮೈಕ್ರೋಸ್ಕೋಪಿನಲ್ಲಿ ಇನ್‌ಫ್ರಾರೆಡ್ ಲೇಸರ್ ಆಳಕ್ಕೆ ಇಳಿಯುತ್ತದೆ. ಬೆಳಕು ಒಟ್ಟುಗೂಡಿ ಎರಡು ಫೋಟಾನು ಒಟ್ಟಿಗೇ ತಾಗುವ ಆ ಒಂದು ಬಿಂದುವಿನಲ್ಲಷ್ಟೇ ಬಣ್ಣ ಹೊಳೆಯುತ್ತದೆ. ಹಾಗಾಗಿ ಒಳಗಿನದು ಜೀವಂತವಾಗಿ ಕಾಣುತ್ತದೆ. 2002ರಲ್ಲಿ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಮೈಕೆಲ್ ಕಾಹಲಾನ್, ಇಯಾನ್ ಪಾರ್ಕರ್ ತಂಡ ಹೀಗೆ ನೋಡಿದಾಗ ಟಿ ಕೋಶಗಳು ನಿಮಿಷಕ್ಕೆ ಸುಮಾರು 11 ಮೈಕ್ರೋಮೀಟರ್‌ನಂತೆ ಗೊತ್ತುಗುರಿಯಿಲ್ಲದೆ ಅಲೆಯುತ್ತಿದ್ದವು. ನನ್ನ ಪರದೆಯ ಮೇಲಿನ ಹಸಿರು ಚುಕ್ಕೆಗಳೂ ಹಾಗೇ.

"ಜಾತ್ರೇಲಿ ಮಗು ಕಳಕೊಂಡವರ ಹಂಗೆ ಓಡ್ತಾವಲ್ಲೇ," ಅಂದರು ಅಮ್ಮ.

ಇನ್ನೊಂದು ವಿಡಿಯೋದಲ್ಲಿ ಡೆಂಡ್ರಿಟಿಕ್ ಕೋಶಗಳಿದ್ದವು. ಲಸಿಕೆಯಲ್ಲಿರುವಂಥ ಹೊರಗಿನ ಪ್ರೋಟೀನಿನ ಚೂರನ್ನು ಹೊತ್ತು ತರುವುದು ಇವೇ. ಆ ಚೂರಿಗೆ ಹೊಂದುವ ಟಿ ಕೋಶ ಮೊದಲು ನಿಧಾನವಾಗುತ್ತದೆ, ಆಮೇಲೆ ಪಕ್ಕಕ್ಕೆ ಬಂದು ನಿಂತೇಬಿಡುತ್ತದೆ. ಗಂಟೆಗಟ್ಟಲೆ. ಒಂದೆರಡು ದಿನದಲ್ಲಿ ಮತ್ತೆ ಓಡಾಡುತ್ತ, ಒಂದು ಎರಡಾಗಿ, ಎರಡು ನಾಲ್ಕಾಗುತ್ತದೆ. ಎಷ್ಟು ಹೊತ್ತು ನಿಂತವು, ಯಾರ ಪಕ್ಕ ನಿಂತವು ಎಂಬ ಲೆಕ್ಕ ಸಂಶೋಧಕರಿಗೆ ಬೇಕು. ಎರಡು ಚುಕ್ಕೆ ಅಡ್ಡ ಹಾದಾಗ ಯಾವುದು ಯಾವುದೆಂದು ನನ್ನ ಪ್ರೋಗ್ರಾಂ ಎಡವುತ್ತದೆ. ಅದನ್ನು ಅಮ್ಮನಿಗೆ ಹೇಳಲಿಲ್ಲ.

"ನಮ್ ಪುಟ್ಟಿ ಒಳಗೂ ಹಿಂಗೇ ಆಗಿದ್ದನ್ನ ನೋಡಿದ್ಯಾ?"

"ಇಲ್ಲಮ್ಮ, ಇದು ಇಲೀದು. ಇವಳೊಳಗೆ ಹೀಗೆ ನೋಡಕ್ಕಾಗಲ್ಲ."

ಸುಳ್ಳು ಹೇಳೋಕೆ ಮನಸ್ಸಾಗಲಿಲ್ಲ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ನಿಂತ್ಕೊಳ್ಳೋದನ್ನ ಇನ್ನೊಂದ್ಸಲ ಹಾಕು," ಅಂದರು.

ಹತ್ತನೇ ವಾರ ಅಮ್ಮನೇ ಮಗುವನ್ನು ಮಡಿಲಲ್ಲಿ ಹಿಡಿದು ಕೂತರು. ಆ ರಾತ್ರಿಯೂ ಮೈ ಬಿಸಿಯಾಯಿತು. ಹೆಗಲಿಗೆ ಹಾಕಿಕೊಂಡು ಹಾಲ್‌ನಲ್ಲಿ ಓಡಾಡುತ್ತಾ ಕೇಳಿದರು: "ಈಗ ನಿಂತ್ಕೊಂಡಿರ್ತಾವೇನೇ?"