ತೂಕಕ್ಕೆ ಬಾರದ ಹೆಸರು

ಒಬ್ಬೊಬ್ಬರಿಗೆ ಒಂದೊಂದು ಚಪಲ. ಕೆಲವರಿಗೆ ಸೀರೆಯಂಗಡಿಯ ಮುಂದೆ ಕಾಲು ತಾನಾಗಿ ನಿಂತುಬಿಡುತ್ತದೆ. ಕೆಲವರನ್ನು ಚಿನ್ನದಂಗಡಿಯ ದೀಪ ಕೈಬೀಸಿ ಕರೆಯುತ್ತದೆ. ರೇಷ್ಮೆಗೆ ಹೆಸರಾದ ಕೊಳ್ಳೇಗಾಲದಲ್ಲಿ ಸಂಸಾರ ಹೂಡಿರುವ ನನ್ನ ಕಾಲು ನಿಲ್ಲುವುದು ಮಾತ್ರ ಗುಜರಿಯಂಗಡಿಯ ಮುಂದೆ. ಮುರಿದ ಸೈಕಲ್ಲು, ಹಳೆಯ ಪತ್ರಿಕೆ, ಖಾಲಿ ಸೀಸೆ ಇವುಗಳ ರಾಶಿಯ ಹಿಂದೆ ಎಲ್ಲೋ ಒಂದು ಮೂಲೆಯಲ್ಲಿ ಕಪ್ಪುಗಟ್ಟಿ ಕುಳಿತ ತಪ್ಪಲೆಯೊಂದರ ಅಂಚು ಕಂಡಿತೆಂದರೆ ಆ ದಿನದ ಬಸ್ಸು ತಪ್ಪಿತೆಂದೇ ಲೆಕ್ಕ. “ಮನೆಯೊಳಗೆ ಇನ್ನೊಂದು ಗುಜರಿಯಂಗಡಿ ತೆರೆಯುವ ಯೋಚನೆಯೋ?” ಎಂದು ನಮ್ಮವರು ಹಾಸ್ಯಮಾಡುವುದುಂಟು. ಆದರೆ ಹಾಗೆ ಬಂದ ಪಾತ್ರೆಗೆ ಕಲಾಯಿ ಹಾಕಿಸಿ ಕುದಿಸಿದ ಸಾರನ್ನು ಎರಡನೆಯ ಸಲ ಬಡಿಸಿಕೊಳ್ಳುವವರೂ ಅವರೇ. ಆದ್ದರಿಂದ ಅವರ ಹಾಸ್ಯಕ್ಕೆ ನಾನು ಹೆಚ್ಚು ಬೆಲೆ ಕೊಟ್ಟಿಲ್ಲ.

ಈ ಚಪಲಕ್ಕೆ ಕೊಳ್ಳೇಗಾಲ, ಹನೂರು, ಯಳಂದೂರುಗಳಷ್ಟು ಒಳ್ಳೆಯ ಸೀಮೆ ಮತ್ತೊಂದಿಲ್ಲವೆಂದು ನನ್ನ ನಂಬಿಕೆ. ಅದಕ್ಕೆ ಕಾರಣ ಚರಿತ್ರೆಯಲ್ಲಿದೆ. ಕೊಳ್ಳೇಗಾಲವು ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹನೂರು ಬಹುಕಾಲ ಕೊಳ್ಳೇಗಾಲ ತಾಲ್ಲೂಕಿನ ಭಾಗವಾಗಿಯೇ ಇದ್ದು ಈಚೆಗಷ್ಟೇ ತಾನೇ ತಾಲ್ಲೂಕಾಗಿದೆ. ಯಳಂದೂರಾದರೋ ಮೈಸೂರು ಸಂಸ್ಥಾನದ್ದು. ದಿವಾನ್ ಪೂರ್ಣಯ್ಯನವರಿಗೆ ೧೮೦೭ರಲ್ಲಿ ಜಹಗೀರಾಗಿ ಬಂದ ಊರು. ಬಸ್ಸಿನಲ್ಲಿ ಒಂದು ಕುಯ್ಯು ನಿದ್ದೆ ತೆಗೆಯುವಷ್ಟರಲ್ಲಿ ತಲಪಬಹುದಾದ ಈ ಊರುಗಳ ನಡುವೆ ಎರಡು ಸರಕಾರಗಳ ಗಡಿ ಹಾದಿತ್ತು. ೧೯೯೭ರಿಂದ ಮೂರೂ ಚಾಮರಾಜನಗರ ಜಿಲ್ಲೆಯವೇ. ಗಡಿಯೇನೋ ನಕ್ಷೆಯಿಂದ ಅಳಿಸಿಹೋಯಿತು. ಅಡಿಗೆಮನೆಯ ಅಟ್ಟದಿಂದ ಅಳಿಸಿಹೋಗಲಿಲ್ಲ. ಯಳಂದೂರಿನ ಕಡೆಯ ಗುಜರಿಯಲ್ಲಿ ಮೈಸೂರಿನ ಸೇರು, ಪಾವು, ಚಟಾಕುಗಳು ಸಿಕ್ಕಿದರೆ, ಕೊಳ್ಳೇಗಾಲದ ರಾಶಿಯಲ್ಲಿ ಮದರಾಸಿನ ಪಡಿ ಕೈಗೆ ಬರುತ್ತದೆ. ಒಂದು ಕೊಡದ ಕಂಠದಲ್ಲಿ ಕನ್ನಡದ ಅಕ್ಷರ, ಅದರ ಪಕ್ಕದ ಚೊಂಬಿನಲ್ಲಿ ತಮಿಳಿನ ಅಕ್ಷರ. ಸಾರಿಗೆಂದೇ ಮಾಡಿದ ಈಯದ ಚೊಂಬು ಆ ಸೀಮೆಯಿಂದ ಬಂದು ಇಲ್ಲಿ ಉಳಿದದ್ದು. ಸೇರು ಪಾವುಗಳು ಗುಜರಿಗೆ ಬಂದುದಕ್ಕೆ ಕಾನೂನೇ ಕಾರಣ. ೧೯೫೮ರಿಂದ ಮೊದಲುಗೊಂಡು ಕಿಲೋಗ್ರಾಂ, ಲೀಟರುಗಳು ಜಾರಿಗೆ ಬಂದ ಮೇಲೆ ಮನೆಮನೆಯ ಅಳತೆಗಳೆಲ್ಲ ಕೆಲಸ ಕಳೆದುಕೊಂಡುವು.

ಉಳಿದ ಪಾತ್ರೆಗಳು ಅಟ್ಟ ಹತ್ತಿದ ಕಥೆ ಇನ್ನೂ ಹಿಂದಿನದು. ಆಲ್ಫ್ರೆಡ್ ಚ್ಯಾಟರ್ಟನ್ ಎಂಬ ಇಂಗ್ಲಿಷ್ ಎಂಜಿನಿಯರು ೧೮೯೮ರಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಅಲ್ಯುಮಿನಿಯಂ ಪಾತ್ರೆಗಳನ್ನು ಮಾಡಿಸತೊಡಗಿದರು. ಮುಂದೆ ಮೈಸೂರು ಸಂಸ್ಥಾನದಲ್ಲಿ ಕೈಗಾರಿಕೆಯ ಇಲಾಖೆಯನ್ನು ನಡೆಸಿದವರೂ ಅವರೇ. ಹಗುರವಾದ, ಕಲಾಯಿ ಬೇಡದ, ಬಡವರ ಕೈಗೆಟಕುವ ಆ ಪಾತ್ರೆ ಹಿತ್ತಾಳೆಗೆ ಮೊದಲ ಪೆಟ್ಟು ಕೊಟ್ಟಿತು. ಎರಡನೆಯ ಪೆಟ್ಟು ಸ್ಟೀಲಿನದು. ೧೯೮೦ರ ದಶಕದ ಆರಂಭದಲ್ಲಿ ನಮ್ಮ ನೆರೆಯ ಸೇಲಂನಲ್ಲಿಯೇ ಅದರ ದೊಡ್ಡ ಕಾರ್ಖಾನೆ ಕೆಲಸಕ್ಕೆ ತೊಡಗಿತು. ಬಳಿಕ ಗ್ಯಾಸಿನ ಒಲೆ ಬಂದಿತು. ಸೌದೆಯ ಉರಿಗೆ ಹೊಂದಿದ್ದ ದುಂಡುತಳದ ಪಾತ್ರೆಗಳು ಅದರ ಮೇಲೆ ಕೂರಲಾರದೆ ಉರುಳಿದುವು. ಬಚ್ಚಲಿಗೆ ಗೀಸರು ಬಂದಿತು. ಹಂಡೆ ಅಂಗಳಕ್ಕೆ ಬಂದಿತು. ಅಂಗಳಕ್ಕೆ ಬಂದ ವಸ್ತು ಬೀದಿಗೆ ಬರುವುದಕ್ಕೆ ಎಷ್ಟು ಹೊತ್ತು ಬೇಕು? ಹಳೆಯ ತಾಮ್ರ ಹಿತ್ತಾಳೆಗೆ ಹೊಳೆಯುವ ಸ್ಟೀಲು ಕೊಡುವವನು ಬಾಗಿಲಲ್ಲಿ ನಿಂತಿದ್ದ. ಹಿತ್ತಲ ಗಿಡ ಮದ್ದಲ್ಲವಷ್ಟೆ!

ಇನ್ನು ಕೊಳ್ಳುವ ವಿಚಾರ. ಗುಜರಿಯಲ್ಲಿ ಕಣ್ಣಿಗಿಂತ ಕಿವಿ ದೊಡ್ಡದು. ತಾಮ್ರಕ್ಕೆ ಸತು ಬೆರೆತರೆ ಹಿತ್ತಾಳೆ, ತವರ ಬೆರೆತರೆ ಕಂಚು. ನೂರು ಪಾಲಿನಲ್ಲಿ ಸುಮಾರು ೭೮ ತಾಮ್ರ, ೨೨ ತವರ ಬಿದ್ದ ಊಟದ ಕಂಚನ್ನು ಬೆರಳಿನ ಗೆಣ್ಣಿನಿಂದ ತಟ್ಟಿದರೆ ನಾದ ಬಹಳ ಹೊತ್ತು ನಿಲ್ಲುತ್ತದೆ. ‘ಕಂಚಿನ ಕಂಠ’ವೆಂಬ ಮಾತು ಸುಮ್ಮನೆ ಬಂದುದಲ್ಲ. ನಾದ ಒಡಕಾಗಿ ಕೇಳಿದರೆ ಎಲ್ಲಿಯೋ ಕೂದಲೆಳೆಯ ಬಿರುಕಿದೆಯೆಂದು ತಿಳಿಯಬೇಕು. ಹಿತ್ತಾಳೆ ಬಿದ್ದರೆ ನೆಗ್ಗುತ್ತದೆ, ಕಂಚು ಬಿದ್ದರೆ ಒಡೆಯುತ್ತದೆ. ಸಣ್ಣದೊಂದು ಅಯಸ್ಕಾಂತವನ್ನು ಚೀಲದಲ್ಲಿಟ್ಟುಕೊಂಡಿದ್ದರೆ, ಹಿತ್ತಾಳೆಯ ನೀರು ಕುಡಿಸಿದ ಕಬ್ಬಿಣವು ತಾನಾಗಿಯೇ ಬಂದು ಅಂಟಿಕೊಂಡು ಗುಟ್ಟು ಬಿಟ್ಟುಕೊಡುತ್ತದೆ. ಪಾತ್ರೆಯನ್ನು ಬಿಸಿಲಿಗೆ ಎತ್ತಿಹಿಡಿದು ಒಳಗಿನಿಂದ ನೋಡಿದರೆ ಸೂಜಿಮೊನೆಯಷ್ಟು ತೂತೂ ನಕ್ಷತ್ರದಂತೆ ಕಾಣುತ್ತದೆ. ತಳಕ್ಕೆ ಬೂದುಬಣ್ಣದ ಬೆಸುಗೆಯ ತೇಪೆ ಇದ್ದರೆ ಅದರಲ್ಲಿ ಸೀಸವಿರಬಹುದು. ಅಂಥದರಲ್ಲಿ ಹೂವಿಡಬಹುದೇ ಹೊರತು ಹುಳಿ ಕುದಿಸಲಾಗದು. ಕೊಳ್ಳೇಗಾಲದಲ್ಲಿ ಇನ್ನೂ ಒಂದು ಎಚ್ಚರಿಕೆ ಬೇಕು: ರೇಷ್ಮೆಗೆ ಬಣ್ಣ ಹಾಕುವ ಮನೆಯಿಂದ ಬಂದ ತಾಮ್ರದ ಪಾತ್ರೆ ಎಷ್ಟೇ ಅಂದವಾಗಿರಲಿ, ಅದನ್ನು ಅಡಿಗೆಗೆ ಹಚ್ಚಕೂಡದು. ಈಯದ ಚೊಂಬನ್ನು ಬರಿದಾಗಿ ಒಲೆಗಿಡಕೂಡದು. ತವರ ಕರಗಲು ೨೩೨ ಡಿಗ್ರಿ ಸೆಲ್ಸಿಯಸ್ ಸಾಕು. ಚೊಂಬಿಗೆ ಮೊದಲು ಸಾರು, ಆಮೇಲೆ ಉರಿ.

ಕಬ್ಬಿಣದ ಪಡ್ಡಿನ ಹಂಚು, ದೋಸೆಯ ಕಾವಲಿಗಳು ತುಕ್ಕು ಹಿಡಿದಿದ್ದರೆ ಹೆದರಬೇಕಾದುದಿಲ್ಲ. ಉಜ್ಜಿ, ಎಣ್ಣೆ ಸವರಿ, ನಾಲ್ಕು ಸಲ ಕಾಯಿಸಿದರೆ ಅವು ಮತ್ತೆ ಮಾತು ಕೇಳುತ್ತವೆ. ಹಿತ್ತಾಳೆ ತಾಮ್ರಗಳ ಪಾತ್ರೆಗೆ ಮಾತ್ರ ಕಲಾಯಿ ಆಗಲೇಬೇಕು. ಇಲ್ಲವಾದರೆ ಹುಣಸೆ, ಮಜ್ಜಿಗೆ, ಟೊಮೇಟೊಗಳ ಹುಳಿ ತಾಮ್ರವನ್ನು ತಿಂದು ಕಿಲುಬೇರಿಸುತ್ತದೆ. ಉಂಡವರಿಗೆ ವಾಂತಿಯಾಗಬಹುದು. ಕಲಾಯಿಯವನು ಪಾತ್ರೆಯನ್ನು ಚೆನ್ನಾಗಿ ಕಾಯಿಸಿ ನವಸಾಗರದ ಪುಡಿ ಎರಚುತ್ತಾನೆ. ಬಿಳಿಯ ಹೊಗೆ ಎದ್ದು ಮೂಗಿಗೆ ಅಡರುತ್ತದೆ. ತವರದ ಕಡ್ಡಿಯನ್ನು ಮುಟ್ಟಿಸಿ ಹತ್ತಿಯಿಂದ ಒಂದು ಸುತ್ತು ಒರೆಸಿದನೆಂದರೆ ಪಾತ್ರೆಯ ಒಳಗೆ ಬೆಳದಿಂಗಳು ಬಿದ್ದಂತಾಗುತ್ತದೆ. ಆ ಕೈಗಳು ಈಗ ವಿರಳವಾಗಿವೆ. ಗುಜರಿಯಲ್ಲಿ ಉಳಿಸಿದ ಹಣದಲ್ಲಿ ಒಂದು ಪಾಲು ಆ ಕೈಗೆ ಹೋಗುತ್ತದೆ, ಹೋಗುವುದೇ ನ್ಯಾಯ.

ಇಷ್ಟೆಲ್ಲ ಕೂಡಿಸಿದರೂ ಹಳೆಯ ಪಾತ್ರೆ ಹೊಸದರ ಬೆಲೆಗಿಂತ ಬಹಳ ಕಡಿಮೆಗೆ ಬರುತ್ತದೆ. ಗುಜರಿಯವರು ಲೋಹವನ್ನು ತೂಗುತ್ತಾರೆಯೇ ಹೊರತು ಕೆಲಸವನ್ನು ತೂಗುವುದಿಲ್ಲ. ಕಂಚುಗಾರನು ಮೂರು ದಿನ ಬಡಿದು ಎಬ್ಬಿಸಿದ ಕಂಠಕ್ಕೂ, ಹಾಳಾದ ನಲ್ಲಿಯ ತುಂಡಿಗೂ ಅಲ್ಲಿ ಒಂದೇ ದರ. ಇದೇ ನನ್ನ ಲಾಭದ ಗುಟ್ಟು. ಇದರ ಮೇಲೆಯೇ ನಮ್ಮ ಅತ್ತೆಯವರ ಆಕ್ಷೇಪಣೆ.

ಯಾರದೋ ಎಂಜಲೆಂದು ಅವರು ಆಕ್ಷೇಪಿಸಿದವರಲ್ಲ. ಕಂಚಿಗೆ ಬೂದಿ, ತಾಮ್ರಕ್ಕೆ ಹುಳಿ. ಉಜ್ಜಿದರೆ ಮೈಲಿಗೆ ಕಳೆಯಿತೆಂದು ಬಲ್ಲವರು. ಅವರ ಮಾತು ಬೇರೆ. ಒಮ್ಮೆ ನಾನು ತಂದ ಕಂಚಿನ ಗಂಗಾಳದ ಅಂಚನ್ನು ಬೆಳಕಿಗೆ ಹಿಡಿದು, ಚುಕ್ಕೆಚುಕ್ಕೆಯಾಗಿ ಕೆತ್ತಿದ್ದ ಹೆಣ್ಣುಮಗಳೊಬ್ಬಳ ಹೆಸರನ್ನು ಕೂಡಿಸಿ ಓದಿದರು. “ಇದು ಗಂಡನ ಮನೆಯ ಪಾತ್ರೆಯಲ್ಲಮ್ಮ, ತವರಿನದು. ಹೆಣ್ಣು ತಾನಾಗಿ ತವರಿನ ಪಾತ್ರೆಯನ್ನು ಮಾರುವುದಿಲ್ಲ. ಅವಳ ಮನೆಯಲ್ಲಿ ಏನು ನಡೆಯಿತೋ! ನೀನು ಅಗ್ಗಕ್ಕೆ ಕೊಂಡೆನೆಂದು ಹಿಗ್ಗುತ್ತೀಯೆ” ಎಂದರು. ಕಂಚಿಗೆ ತವರ ಬೇಕು, ಹೆಣ್ಣಿಗೆ ತವರು ಬೇಕು. ಒಂದು ಕೊಂಬಿನ ಅಂತರ. ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರದ ಒಂದು ಅಂಶ ಹನೂರಿನ ಗುಜರಿಯಂಗಡಿಯೊಂದರಲ್ಲಿ ದೊರೆಯಿತು. ಆಷಾಢದ ಒಂದು ಮಧ್ಯಾಹ್ನ ನಾನು ಅಲ್ಲಿ ಸೌಟುಗಳನ್ನು ಆರಿಸುತ್ತಿದ್ದೆ. ವಯಸ್ಸಾದ ಹೆಂಗಸೊಬ್ಬರು ಮೊಮ್ಮಗನ ಬೈಕಿನ ಹಿಂದೆ ತಾಮ್ರದ ಹಂಡೆಯೊಂದನ್ನು ತಬ್ಬಿಕೊಂಡು ಬಂದಿಳಿದರು. ತಕ್ಕಡಿಯ ಕೆಂಪು ಅಂಕೆ ೧೧ ಕಿಲೋ ತೋರಿಸಿತು. ಆಕೆ ಅಂಕೆಯ ಕಡೆ ನೋಡಲಿಲ್ಲ. ಹಂಡೆಯ ಕಂಠದ ಅಕ್ಷರಗಳ ಮೇಲೆ ಬೆರಳಾಡಿಸುತ್ತ ನಿಂತಿದ್ದರು. ಮೊಮ್ಮಗಳ ಕಾಲೇಜಿನ ಫೀಜಿಗೆ ಕೊನೆಯ ದಿನವೆಂಬುದು ಅವರಿಬ್ಬರ ಮಾತಿನಿಂದ ತಿಳಿಯಿತು. ಹಣ ಎಣಿಸಿಕೊಂಡ ಮೇಲೆ ಆಕೆ, “ಹಬ್ಬದೊಳ್ಗೆ ದುಡ್ಡಾದ್ರೆ ಬತ್ತೀನಿ ಕನಪ್ಪ” ಎಂದರು. “ಬನ್ನಿ ಅವ್ವ, ಎತ್ತಿಟ್ಟಿರ್ತೀನಿ” ಎಂದ ಅಂಗಡಿಯವನು.

ಬೈಕು ಮರೆಯಾದ ಮೇಲೆ ನಾನು ಹಂಡೆಯ ಬೆಲೆ ಕೇಳಿದೆ. ಬೆಸುಗೆ ಕಾಣದ, ಒಂದೇ ಸಮನೆ ಬಡಿದ ಹಂಡೆ. ಅಂಥದನ್ನು ನಾನು ಬಹಳ ದಿನದಿಂದ ಹುಡುಕುತ್ತಿದ್ದೆ. ಅವನು ತಲೆಯಾಡಿಸಿದ. “ಹೆಸ್ರಿರೋ ಪಾತ್ರೆಯ ದೀಪಾವಳಿ ಗಂಟ ಮಾರಕಿಲ್ಲ ಕಣಮ್ಮ. ನೀರು ತುಂಬೋ ಹಬ್ಬಕ್ಕೆ ಕೆಲವ್ರು ಕೇಳ್ಕಂಡು ಬತ್ತಾರೆ” ಎಂದ. ಕೊಟ್ಟದ್ದರ ಮೇಲೆ ಅಷ್ಟಿಷ್ಟು ಸೇರಿಸಿ ತೆಗೆದುಕೊಂಡು ಹಿಂದಕ್ಕೆ ಕೊಡುತ್ತಾನಂತೆ. ಹಬ್ಬ ಕಳೆದರೂ ಬಾರದವರ ಪಾತ್ರೆಗಳು ಕರಗಿಸುವವರ ಲಾರಿ ಹತ್ತುತ್ತವೆ. ಇದನ್ನು ಅವನು ಧರ್ಮವೆಂದು ಹೇಳಿಕೊಳ್ಳಲಿಲ್ಲ. ವ್ಯಾಪಾರದ ಕಟ್ಟಳೆಯೆಂಬಂತೆ ಹೇಳಿದ. ಸಿದ್ದಪ್ಪಾಜಿಯು ಗುರುವಿನ ಅಪ್ಪಣೆಯಂತೆ ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆಗೆ ಹೋದ ಕಥೆಯನ್ನು ರಾತ್ರಿಯೆಲ್ಲ ಹಾಡುವ ಸೀಮೆಯಿದು. ಲೋಹವನ್ನು ಬೇಡುವುದಕ್ಕೂ ಕೊಡುವುದಕ್ಕೂ ಒಂದು ನಡೆವಳಿಯಿದೆಯೆಂದು ಇಲ್ಲಿನವರು ಬಲ್ಲರು.

ದೀಪಾವಳಿ ಕಳೆದು ಒಂದು ವಾರಕ್ಕೆ ಹನೂರಿಗೆ ಹೋದೆ. ಹಂಡೆ ಅಲ್ಲಿಯೇ ಇತ್ತು.

ಹಂಡೆ ದೊರೆಯಿತೆಂಬ ಸಂತೋಷಕ್ಕಿಂತ, ಆಕೆಗೆ ದುಡ್ಡಾಗಲಿಲ್ಲವಲ್ಲಾ ಎಂಬುದೇ ಮೊದಲು ಮನಸ್ಸಿಗೆ ಬಂದಿತು. ಅವನು ಹೇಳಿದ ಬೆಲೆಯನ್ನು ಚೌಕಾಸಿಯಿಲ್ಲದೆ ಕೊಟ್ಟೆ. ಆಗಲೂ ಅದು ಹೊಸ ಹಂಡೆಯ ಬೆಲೆಯ ಅರ್ಧವನ್ನು ಮುಟ್ಟಲಿಲ್ಲ. ನಮ್ಮ ಮನೆಯ ಗುರುತನ್ನು ಒಂದು ಚೀಟಿಯಲ್ಲಿ ಬರೆದು ಅಂಗಡಿಯಲ್ಲಿಟ್ಟು, ಆ ಅವ್ವ ಬಂದರೆ ತೋರಿಸಬೇಕೆಂದು ಹೇಳಿ ಬಂದೆ. ಇಂದಿನವರೆಗೂ ಯಾರೂ ಬಂದಿಲ್ಲ. ಅತ್ತೆಯವರು ಹೆಸರನ್ನು ಓದಿ ಏನೂ ಅನ್ನಲಿಲ್ಲ. ತಾವೇ ಹುಣಸೆಹಣ್ಣು ಹಿಡಿದು ಬೆಳಗಲು ಕುಳಿತರು. ಮರುವರ್ಷ ನೀರು ತುಂಬುವ ಹಬ್ಬದಂದು ಬಚ್ಚಲಿನ ಒಲೆಯ ಮೇಲೆ ಅದನ್ನು ಕೂರಿಸಿ ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಬಳಿದರು. ಅಕ್ಷರಗಳಿದ್ದ ಕಡೆ ಮಾತ್ರ ಪಟ್ಟೆಯನ್ನು ತಪ್ಪಿಸಿ ಎಳೆದರು.

ಪರದೇಶಗಳಲ್ಲಿಯೂ ಹಳೆಯ ಪಾತ್ರೆಯ ಅಂಗಡಿಗಳುಂಟು. ಅಮೆರಿಕದ ಬಾಸ್ಟನ್ನಿನಲ್ಲಿ ೧೯೦೨ರಲ್ಲಿ ಪಾದ್ರಿಯೊಬ್ಬರು ಮೊದಲು ಮಾಡಿದ ಗುಡ್‌ವಿಲ್ ಸಂಸ್ಥೆಯೂ, ಇಂಗ್ಲೆಂಡಿನ ಆಕ್ಸ್‌ಫ್ಯಾಮ್ ಅಂಗಡಿಗಳೂ ಜಗತ್ತಿಗೆಲ್ಲ ಗೊತ್ತು. ಅಲ್ಲಿ ಜನ ತಮಗೆ ಹೆಚ್ಚಾದುದನ್ನು ದಾನವಾಗಿ ಕೊಟ್ಟುಹೋಗುತ್ತಾರೆ. ಕೊಂಡವರ ಹಣ ಸತ್ಕಾರ್ಯಕ್ಕೆ ಸಲ್ಲುತ್ತದೆ. ಅಲ್ಲಿ ಅಗ್ಗಕ್ಕೆ ಕೊಳ್ಳುವವರು ನಿಶ್ಚಿಂತೆಯಿಂದ ನಿದ್ರಿಸಬಹುದು. ನಮ್ಮ ಗುಜರಿಗೆ ಹೆಚ್ಚಾದದ್ದೂ ಬರುತ್ತದೆ, ಕಡಿಮೆಯಾದ ಮನೆಯದೂ ಬರುತ್ತದೆ. ಎರಡೂ ಒಂದೇ ರಾಶಿಯಲ್ಲಿ ಬೀಳುತ್ತವೆ. ಯಾವುದು ಯಾವುದೆಂದು ಲೋಹ ಹೇಳುವುದಿಲ್ಲ, ಹೆಸರು ಹೇಳುತ್ತದೆ.

ಹಾಗೆಂದು ಕೊಳ್ಳುವುದನ್ನೇ ಬಿಡಬೇಕೆ? ಬಿಟ್ಟರೆ ಪಾತ್ರೆ ಅವಳ ಮನೆಗೆ ಮರಳುವುದಿಲ್ಲ, ಕುಲುಮೆಗೆ ಹೋಗುತ್ತದೆ. ಅಹಮದಾಬಾದಿನಲ್ಲಿ ಸುರೇಂದ್ರ ಪಟೇಲರೆಂಬವರು ಹೀಗೆ ಕರಗಿಹೋಗುತ್ತಿದ್ದ ಪಾತ್ರೆಗಳನ್ನು ಕೂಡಿಹಾಕಿ ೧೯೮೧ರಲ್ಲಿ ‘ವಿಚಾರ್’ ಎಂಬ ಪಾತ್ರೆಗಳ ವಸ್ತುಸಂಗ್ರಹಾಲಯವನ್ನೇ ಕಟ್ಟಿದರು. ನಮ್ಮ ನಿಮ್ಮಂಥವರಿಂದ ಅಷ್ಟು ದೊಡ್ಡ ಕೆಲಸ ಆಗಲಾರದು. ಸಣ್ಣದು ಆಗಬಲ್ಲದು. ಮಾರುವವರು ಎದುರಿಗಿದ್ದಾಗ ಚೌಕಾಸಿ ಬೇಡ. ರಾಶಿಯಲ್ಲಿ ಬಿದ್ದುದಕ್ಕೆ ಬೇಕಾದಷ್ಟು ಮಾಡಬಹುದು. ಕೊಂಡ ತಪ್ಪಲೆಯನ್ನು ನಡುಮನೆಯ ಗಾಜಿನ ಬೀರುವಿನಲ್ಲಿ ನಿಲ್ಲಿಸದೆ ಒಲೆಯ ಮೇಲಿಡೋಣ. ಅದು ಹುಟ್ಟಿದುದು ಬೇಯಿಸುವುದಕ್ಕೆ. ಇನ್ನೊಂದು ಮಾತು: ಅಂಗಡಿಯವರು ಪಾತ್ರೆಗೆ ಹೊಳಪು ಕೊಡುವಾಗ, ಹೆಸರನ್ನೂ ತೇದುಬಿಡಲೇ ಎಂದು ಕೇಳುವುದುಂಟು. ಬೇಡವೆನ್ನಿರಿ. ತೇದರೆ ತೂಕದಲ್ಲಿ ಏನೂ ಕಡಿಮೆಯಾಗುವುದಿಲ್ಲ. ಬೇಡವೆನ್ನಬೇಕಾದುದು ಅದಕ್ಕಾಗಿಯೇ.