ಗೊಂಬಿ ಸುಟ್ಟರ ರಾಜ ಸಾಯ್ತಾನೇನು?

'ಆಪ್ತಮಿತ್ರ' ಬಂದದ್ದು 2004ರ ಆಗಸ್ಟಿನಲ್ಲಿ. ನಾಗವಲ್ಲಿಯಾಗಿ ಕುಣಿದ ಸೌಂದರ್ಯ ಅದೇ ವರ್ಷ ಏಪ್ರಿಲ್‌ನಲ್ಲಿ ವಿಮಾನ ಬಿದ್ದು ತೀರಿಕೊಂಡಿದ್ದರು. ಮಾಸೂರಿನಿಂದ ಹಿರೇಕೆರೂರಿಗೆ ಬಸ್ಸು ಹತ್ತಿ ಹೋಗಿ ಸಿನಿಮಾ ನೋಡಿದ ನಮ್ಮ ಕೇರಿಯ ಹುಡುಗರಿಗೆ ಪರದೆಯ ಮೇಲಿನ ಹೆಣ್ಣು ಮೊದಲೇ ಅರ್ಧ ದೆವ್ವ.

ಕತೆ ನಿಮಗೆಲ್ಲ ಗೊತ್ತು. ಹಳೇ ಅರಮನೆ, ಬೀಗ ಹಾಕಿದ ಕೋಣೆ. ರಾಜನೊಬ್ಬ ಆಂಧ್ರದ ನರ್ತಕಿಯನ್ನು ಬಯಸಿದ. ಅವಳು ಒಲಿದದ್ದು ಎದುರು ಮನೆಯ ನರ್ತಕನಿಗೆ. ರಾಜ ಅವನ ತಲೆ ಕಡಿದ, ಅವಳನ್ನು ಜೀವಂತ ಸುಟ್ಟ. ಆ ಸಿಟ್ಟು ಎಷ್ಟೋ ಕಾಲದ ಮೇಲೆ ಗಂಗಾ ಎಂಬ ಗೃಹಿಣಿಯ ಮೈಯೊಳಗೆ ಬಂತು. ದೆವ್ವವಲ್ಲ, ಮನಸ್ಸಿನ ರೋಗ ಎನ್ನುತ್ತಾನೆ ವಿಷ್ಣುವರ್ಧನ್ ಪಾತ್ರದ ಡಾಕ್ಟರು. ಫಾಜಿಲ್ 1993ರಲ್ಲಿ ಮಲಯಾಳದಲ್ಲಿ ತೆಗೆದ 'ಮಣಿಚಿತ್ರತ್ತಾಳ್'ನ್ನು ಪಿ. ವಾಸು ಕನ್ನಡಕ್ಕೆ ತಂದದ್ದು.

ಗಂಡ ಹೊರಗೆ ಹೋಗಬೇಡ ಅಂದಾಗ ಗಂಗಾಳ ಮುಖ ಬದಲಾಗುತ್ತದಲ್ಲ, ಅಲ್ಲಿ ನಾನು ಕುರ್ಚಿ ಗಟ್ಟಿ ಹಿಡಿದೆ. ಬಿಳಿ ಸೀರೆ ಇಲ್ಲ, ಹೊಗೆ ಇಲ್ಲ. ಕಣ್ಣು ಮೊದಲು ತಿರುಗಿತು, ಆಮೇಲೆ ದನಿ. ನಾನು ಇದನ್ನು ಮನೆಯಲ್ಲೇ ನೋಡಿದವನು.

ನಮ್ಮ ಚಿಗವ್ವ ಒಬ್ಬ ಧಣಿಯ ಕಣಕ್ಕೆ ಜ್ವಾಳ ಹಸನ ಮಾಡಾಕ ಹೋದಾಕಿ, ಹೊತ್ತು ಮುಳುಗಿ ಭಾಳ ಹೊತ್ತಾದ ಮ್ಯಾಲೆ ಬಂದಳು. ಮೂರು ದಿನ ಮಾತಿಲ್ಲ. ನಾಲ್ಕನೇ ದಿನ ಅಂಗಳದಾಗ ನಿಂತು ಕೂಗಿದಳು. ಏನಂತ? ಧಣಿಯ ಹೆಸರು. ಬರೀ ಹೆಸರು. "ಬಾರಲೇ" ಅಂತ.

ಅಷ್ಟೇ ಸಾಕಾಯಿತು. ಕೇರಿಯ ಹೆಂಗಸು ಎಚ್ಚರಿದ್ದು ಆ ಹೆಸರನ್ನು ಬರಿಯಾಗಿ ಕರೆಯುವುದುಂಟೆ? "ಇದು ಅಕಿ ಅಲ್ಲ, ಗಾಳಿ ಬಡದೈತಿ" ಅಂದರು ಹಿರಿಯರು. ನಮ್ಮಪ್ಪನೂ ಅಂದ. ಅಮಾಸಿ ದಿನ ಒಂದು ಗುಡಿಗೆ ಒಯ್ದು ಜಡಿ ಹಿಡಿದು ಬೇವಿನ ಬರಲಿನಿಂದ ಹೊಡೆದರು. "ಯಾರು ನೀ, ಎಲ್ಲಿಂದ ಬಂದಿ?" ಅಂತ ನೂರು ಸಲ ಕೇಳಿದರು. ಕಣದಾಗ ಏನಾತು ಅಂತ ಒಬ್ಬನೂ ಕೇಳಲಿಲ್ಲ. ಧಾರವಾಡಕ್ಕೆ ಕಳಿಸೋಣ ಎಂದೊಬ್ಬರು ಅಂದಾಗ ಅವ್ವ ಅತ್ತಳು. 1845ರಿಂದ ಅಲ್ಲಿ ಹುಚ್ಚಾಸ್ಪತ್ರೆ ಇದ್ದುದರಿಂದ ನಮ್ಮ ಕಡೆ ಧಾರವಾಡ ಅಂದರೆ ಬೈಗುಳ. ಅರಮನೆಯ ಗಂಗಾಗೆ ಅಮೆರಿಕದ ಡಾಕ್ಟರು ಮನೆಗೇ ಬಂದ. ಇರಲಿ.

ಸಿನಿಮಾದ ತೂತು ಎಣಿಸುವುದಾದರೆ ಬೇಕಾದಷ್ಟಿವೆ. ಮನಸ್ಸು ಒಡೆದು ಎರಡಾಗುವ ರೋಗಕ್ಕೆ ವರ್ಷಗಟ್ಟಲೆ ಮಾತು, ಆರೈಕೆ ಬೇಕು. ಇಲ್ಲಿ ಒಂದು ರಾತ್ರಿಗೆ ಗುಣ. ರೋಗ ಅಂದ ಡಾಕ್ಟರಿಗೆ ಕೊನೆಗೆ ಮಾಂತ್ರಿಕನ ಮಂಡಲವೇ ಬೇಕು. ನೋಡಿದವರು ದೆವ್ವ ಅಂತಲೂ ಮನೆಗೆ ಹೋಗಬಹುದು, ರೋಗ ಅಂತಲೂ ಹೋಗಬಹುದು. ಇವು ಸಣ್ಣವು, ಕ್ಷಮಿಸಬಹುದು.

ಕ್ಷಮಿಸಲಾಗದ್ದು ರಾಜನದು. ಅವನೂ ವಿಷ್ಣುವರ್ಧನ್! ಡಾಕ್ಟರು ರಾಜನ ವೇಷದಲ್ಲಿ ನಿಲ್ಲುತ್ತಾನೆ, ಕಡೆಗಳಿಗೆಗೆ ಅವನ ಜಾಗದಲ್ಲಿ ಗೊಂಬೆ ಬರುತ್ತದೆ, ನಾಗವಲ್ಲಿ ಗೊಂಬೆ ಸುಟ್ಟು ತಣ್ಣಗಾಗುತ್ತಾಳೆ. ಸಿಟ್ಟಿಗೆ ಸುಡಲು ಏನಾದರೂ ಕೊಡಬೇಕೆಂದು ಬಲ್ಲ ಸಿನಿಮಾ ಇದು. ಅದು ಅದರ ದೊಡ್ಡ ಗುಣ. ಚಿಗವ್ವನಿಗೆ ನಾವು ಅದನ್ನೂ ಕೊಡಲಿಲ್ಲ. ಆದರೆ ಸುಟ್ಟದ್ದು ಗೊಂಬೆ. ಕೊಂದ ರಾಜನ ಅಟ್ಟಹಾಸಕ್ಕೆ ಟಾಕೀಸು ತುಂಬ ಸಿಳ್ಳೆ. ನಮ್ಮ ಹುಡುಗರೂ ಹೊಡೆದರು. ನಾನೂ ಒಂದು ಹೊಡೆದೆ, ಸುಳ್ಳೇಕೆ.

ವರ್ಷಗಳ ಮೇಲೆ ಟಿವಿಯಲ್ಲಿ ಬಂತು. ಚಿಗವ್ವ ಹಿಂದಲೆ ನೆರೆತು, ಗ್ವಾಡಿಗೆ ಒರಗಿ ಕೂತಿದ್ದಳು. ಎಬ್ಬಿಸಿಕೊಂಡು ಹೋಗಲೇನು ಅಂತ ನನಗೆ ಹೆದರಿಕೆ. ಆಕೆ ಅಲುಗಲಿಲ್ಲ, ಕೊನೇತನಕ ನೋಡಿದಳು.

"ಅಲ್ಲೋ ತಮ್ಮಾ, ಆ ಖರೇ ರಾಜ ಏನಾದ?"

"ಅದನ್ನ ತೋರ್ಸಿಲ್ಲ ಚಿಗವ್ವ."

"ತೋರ್ಸಂಗಿಲ್ಲ ಬಿಡು," ಅಂದು ಎದ್ದು ಎಮ್ಮಿಗೆ ನೀರು ಇಡಾಕ ಹೋದಳು.